ಹೆಬ್ಬೆಟ್ಟು ಅಮ್ಮನದೇ, ಹಣ ತೆಗೆದವರು ಬೇರೆ

ಪ್ರಶ್ನೆ

ನಾನು ದಾವಣಗೆರೆ ಜಿಲ್ಲೆಯ ಹಳ್ಳಿಯೊಂದರಲ್ಲಿ ಪ್ರೌಢಶಾಲಾ ಶಿಕ್ಷಕ. ತಾಯಿಗೆ 71 ವರ್ಷ. ಅವರಿಗೆ ಕುಟುಂಬ ಪಿಂಚಣಿ ಬರುವ ಉಳಿತಾಯ ಖಾತೆಯಿಂದ ಕಳೆದ ತಿಂಗಳು ಮೂರು ದಿನ ಸಾಲಾಗಿ 10,000, 10,000 ಮತ್ತು 7,500 ರೂಪಾಯಿ ಹೋಗಿದೆ. ನಮಗೆ ಗೊತ್ತಾದದ್ದು ಎರಡು ವಾರ ಕಳೆದ ಮೇಲೆ, ಒಂದು ಶುಕ್ರವಾರ ಪಾಸ್‌ಬುಕ್ ಮುದ್ರಿಸಿದಾಗ. ಎಸ್‌ಎಂಎಸ್ ಬಂದಿರಲಿಲ್ಲ. ಖಾತೆಗೆ ಜೋಡಿಸಿದ್ದು ತೀರಿಕೊಂಡ ತಂದೆಯವರ ಮೊಬೈಲ್ ಸಂಖ್ಯೆ, ಆ ಸಿಮ್ ಎಂದೋ ನಿಂತುಹೋಗಿದೆ. ಸೋಮವಾರ ಶಾಖೆಗೆ ಹೋದೆ. ವ್ಯವಸ್ಥಾಪಕರು, "ಇದು ಆಧಾರ್ ಮೂಲಕ ಬೆರಳು ಒತ್ತಿ ತೆಗೆದ ಹಣ. ಹೆಬ್ಬೆಟ್ಟು ನಿಮ್ಮ ತಾಯಿಯದೇ ಎಂದು ಸಿಸ್ಟಂ ತೋರಿಸುತ್ತಿದೆ. ನಮ್ಮ ಕಡೆಯಿಂದ ಏನೂ ಮಾಡಲು ಬರುವುದಿಲ್ಲ, ಪೊಲೀಸರ ಬಳಿ ಹೋಗಿ" ಎಂದರು. ಅಂದು ಸಂಜೆಯೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದೆ. ಸ್ವೀಕೃತಿ ಸಂಖ್ಯೆ ಕೊಟ್ಟಿದ್ದಾರೆ. ಕಳೆದ ವರ್ಷ ನಾವು ಆಸ್ತಿಯ ವಿಭಾಗಪತ್ರ ನೋಂದಣಿ ಮಾಡಿಸಿದ್ದೆವು. ಅಲ್ಲಿಂದ ಬೆರಳಚ್ಚು ಹೋಗಿರಬಹುದೇ?

ಇದರ ನಡುವೆ ನನ್ನ ಮನೆ ಸಾಲದ ಅರ್ಜಿ ತಿರಸ್ಕೃತವಾಯಿತು. ಕಾರಣ ಕೇಳಿದರೆ, ನನ್ನ ಹೆಸರಿನಲ್ಲಿ 18,000 ಮತ್ತು 35,000 ರೂಪಾಯಿಯ ಎರಡು ಆ್ಯಪ್ ಸಾಲಗಳು ಬಾಕಿ ಇವೆಯಂತೆ. ನಾನು ಅಂಥ ಸಾಲ ತೆಗೆದಿಲ್ಲ. ವಸೂಲಿಯವರು ಕರೆ ಮಾಡುತ್ತಿದ್ದಾರೆ. "ಸಣ್ಣ ಮೊತ್ತ, ಕಟ್ಟಿ ಮುಗಿಸಿಬಿಡಿ, ದಾಖಲೆ ಸರಿಹೋಗುತ್ತದೆ" ಎಂದು ಸ್ನೇಹಿತರು ಹೇಳುತ್ತಾರೆ. ತಾಯಿಯವರ ಹಣ ವಾಪಸ್ ಬರುತ್ತದೆಯೇ? ನಾನು ಆ ಸಾಲ ಕಟ್ಟಬೇಕೇ? ನಮ್ಮಿಬ್ಬರ ಆಧಾರ್ ಸಂಖ್ಯೆ ಬದಲಿಸಿಕೊಳ್ಳಬಹುದೇ?

ಉತ್ತರ

ನಿಮ್ಮ ಪತ್ರದಲ್ಲಿ ಎರಡು ಕಳವುಗಳಿವೆ. ತಾಯಿಯವರಿಂದ ಹೋದದ್ದು ಹಣ, ನಿಮ್ಮಿಂದ ಹೋದದ್ದು ಹೆಸರು. ಇವೆರಡನ್ನೂ ಒಂದೇ ದೂರಿನಲ್ಲಿ ಬೆರೆಸಬೇಡಿ. ಮೊದಲನೆಯದು ದಿನಗಳ ಲೆಕ್ಕದ ಮೇಲೆ ನಿಂತಿದೆ, ಎರಡನೆಯದು ಕಾಗದಪತ್ರಗಳ ಮೇಲೆ. ಬ್ಯಾಂಕಿನ ಗ್ರಾಹಕ ದೂರು ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿದವನಾಗಿ ಹೇಳುತ್ತೇನೆ: ಬೆರೆತ ದೂರು ಮೇಜಿನಿಂದ ಮೇಜಿಗೆ ಓಡಾಡುತ್ತದೆಯೇ ಹೊರತು ಯಾರ ಮೇಜಿನ ಮೇಲೂ ನಿಲ್ಲುವುದಿಲ್ಲ.

ಮೂರು ಪ್ರಶ್ನೆಗಳಿಗೂ ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ತಾಯಿಯವರ ಹಣ ವಾಪಸ್ ಕೇಳುವ ಹಕ್ಕು ನಿಮಗೆ ಗಟ್ಟಿಯಾಗಿಯೇ ಇದೆ, ಆದರೆ ಅದು ತಾನಾಗಿ ಬರುವುದಿಲ್ಲ. ಸಾಲದ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಆಧಾರ್ ಸಂಖ್ಯೆ ಬದಲಾಗುವುದಿಲ್ಲ, ಆದರೆ ಅದಕ್ಕೆ ಬೀಗ ಹಾಕಬಹುದು.

ಈಗ ವ್ಯವಸ್ಥಾಪಕರ ಮಾತಿಗೆ ಬರೋಣ. ಅವರು ಸುಳ್ಳು ಹೇಳಿಲ್ಲ, ಅರ್ಧ ಸತ್ಯ ಹೇಳಿದ್ದಾರೆ. ಆಧಾರ್ ಆಧಾರಿತ ಪಾವತಿ ವ್ಯವಸ್ಥೆ, ಅಂದರೆ ಎಇಪಿಎಸ್‌ನಲ್ಲಿ ಹಣ ತೆಗೆಯಲು ಬೇಕಾದದ್ದು ಮೂರೇ: ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು. ಕಾರ್ಡು ಬೇಡ, ಪಿನ್ ಬೇಡ, ಒಟಿಪಿ ಬೇಡ. ಬ್ಯಾಂಕ್ ಶಾಖೆಯೇ ಇಲ್ಲದ ಊರಿನಲ್ಲಿ, ಓದುಬರಹ ಬಾರದವರೂ ತಮ್ಮ ಪಿಂಚಣಿಯನ್ನು ಬ್ಯಾಂಕ್ ಮಿತ್ರರ, ಅಂದರೆ ಬ್ಯಾಂಕ್ ನೇಮಿಸಿದ ಸ್ಥಳೀಯ ಪ್ರತಿನಿಧಿಗಳ, ಚಿಕ್ಕ ಯಂತ್ರದಿಂದ ಪಡೆಯಲಿ ಎಂದು ಇದನ್ನು ಹೀಗೆ ಮಾಡಿದರು. ಆ ಉದ್ದೇಶ ಈಡೇರಿದೆ ಎಂಬುದನ್ನೂ ಒಪ್ಪಬೇಕು. ಆದರೆ "ಒಟಿಪಿ ಯಾರಿಗೂ ಹೇಳದಿದ್ದರೆ ಹಣ ಸುರಕ್ಷಿತ" ಎಂದು ನಾವೆಲ್ಲ ಕಲಿತ ಪಾಠ ಈ ವ್ಯವಸ್ಥೆಗೆ ಅನ್ವಯಿಸುವುದೇ ಇಲ್ಲ. ಇನ್ನೊಂದು ತುದಿಯ ಭಯವೂ ತಪ್ಪು: ಆಧಾರ್ ಸಂಖ್ಯೆ ಯಾರಿಗೋ ಗೊತ್ತಾದ ಮಾತ್ರಕ್ಕೆ ಹಣ ಹೋಗುವುದಿಲ್ಲ. ಅದರ ಜೊತೆಗೆ ಬೆರಳೂ ಬೇಕು.

ಬೆರಳು ಕಳ್ಳರಿಗೆ ಸಿಗುವುದು ಹೇಗೆ? ನಿಮ್ಮ ಅನುಮಾನ ಹುರುಳಿಲ್ಲದ್ದಲ್ಲ. 2018ರಲ್ಲಿ ತೆಲಂಗಾಣದ ಪೆದ್ದಪಲ್ಲಿ ಜಿಲ್ಲೆಯಲ್ಲಿ ಸಿಮ್ ಮಾರುವವನೊಬ್ಬ ನೋಂದಣಿ ಇಲಾಖೆಯ ಜಾಲತಾಣದಲ್ಲಿದ್ದ ಜಮೀನು ಪತ್ರಗಳಿಂದ ಹೆಬ್ಬೆಟ್ಟಿನ ಗುರುತುಗಳನ್ನು ತೆಗೆದು, ರಬ್ಬರ್ ಸ್ಟಾಂಪ್ ಮಾಡುವ ಯಂತ್ರದಿಂದ ನಕಲು ಬೆರಳಚ್ಚು ತಯಾರಿಸಿ ಸಿಕ್ಕಿಬಿದ್ದ. 2023ರಲ್ಲಿ ಕರ್ನಾಟಕದಲ್ಲಿಯೂ ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳಿಂದ ಇದೇ ರೀತಿ ಹಣ ಹೋದ ದೂರುಗಳು ಸಾಲಾಗಿ ಬಂದವು. ನೋಂದಣಿ ಪತ್ರದಲ್ಲಿ ಹೆಸರು, ವಿಳಾಸ, ಆಧಾರ್ ಸಂಖ್ಯೆ, ಹೆಬ್ಬೆಟ್ಟು ಎಲ್ಲವೂ ಒಂದೇ ಕಡೆ ಇದ್ದರೆ ಕಳ್ಳನಿಗೆ ಬೇರೆಲ್ಲೂ ಹುಡುಕುವ ಶ್ರಮವಿಲ್ಲ.

ಆದರೆ ಅದೊಂದೇ ದಾರಿ ಎಂದು ಈಗಲೇ ತೀರ್ಮಾನಿಸಬೇಡಿ. ನಾನು ನೋಡಿದ ಕಡತಗಳಲ್ಲಿ ಇನ್ನೂ ಸರಳವಾದ, ಇನ್ನೂ ಹತ್ತಿರದ ಮೋಸವೇ ಹೆಚ್ಚಾಗಿ ಕಾಣುತ್ತಿತ್ತು. ವಯಸ್ಸಾದವರು ಬ್ಯಾಂಕ್ ಮಿತ್ರರ ಬಳಿ ಬೆರಳು ಒತ್ತುತ್ತಾರೆ. "ಅಜ್ಜಿ, ಬೆರಳು ಬರಲಿಲ್ಲ, ಇನ್ನೊಮ್ಮೆ ಒತ್ತಿ" ಎನ್ನುತ್ತಾನೆ ಅವನು. ಮೊದಲ ಸಲವೇ ಹಣ ಹೋಗಿರುತ್ತದೆ, ಎರಡನೆಯ ಸಲ ತೆಗೆದದ್ದು ಮಾತ್ರ ಕೈಗೆ ಬರುತ್ತದೆ. ಸಿಮ್ ಕೊಡುವ ನೆಪದಲ್ಲಿ, ಸರ್ಕಾರಿ ಯೋಜನೆಗೆ ಹೆಸರು ಬರೆಸುವ ನೆಪದಲ್ಲಿ ಮನೆ ಬಾಗಿಲಿಗೇ ಯಂತ್ರ ಹಿಡಿದು ಬರುವವರೂ ಇದ್ದಾರೆ. ಆದ್ದರಿಂದ ಯಾವ ಕಾಗದ ಬರೆಯುವುದಕ್ಕೂ ಮುಂಚೆ ತಾಯಿಯವರ ಪಕ್ಕದಲ್ಲಿ ಕುಳಿತು ನಿಧಾನವಾಗಿ ಕೇಳಿ: ಆ ವಾರ ಎಲ್ಲಾದರೂ ಬೆರಳು ಒತ್ತಿದ್ದರೇ, ಯಾರಾದರೂ ಮನೆಗೆ ಬಂದಿದ್ದರೇ, ನೆಂಟರಲ್ಲಿ ಯಾರಿಗಾದರೂ ಹಣ ತೆಗೆದುಕೊಟ್ಟರೇ. ಬೈಯುತ್ತಾರೆಂಬ ಹೆದರಿಕೆಗೆ ಹಿರಿಯರು ಮುಚ್ಚಿಡುತ್ತಾರೆ. ಆಮೇಲೆ ವಿಚಾರಣೆಯಲ್ಲಿ ಅದು ಹೊರಬಿದ್ದರೆ ಇಡೀ ದೂರು ಕುಸಿಯುತ್ತದೆ.

ತಾಯಿಯವರ ನೆನಪಿಗಿಂತ ಗಟ್ಟಿಯಾದ ಸಾಕ್ಷಿಯೊಂದಿದೆ. ಆಧಾರ್ ಪ್ರಾಧಿಕಾರದ ಮೈಆಧಾರ್ ಜಾಲತಾಣದಲ್ಲಿ ದೃಢೀಕರಣ ಇತಿಹಾಸ ಎಂಬ ವಿಭಾಗವಿದೆ. ಕಳೆದ ಆರು ತಿಂಗಳಲ್ಲಿ ಆ ಆಧಾರ್ ಸಂಖ್ಯೆಯನ್ನು ಯಾವ ದಿನ, ಎಷ್ಟು ಗಂಟೆಗೆ, ಬೆರಳಿನಿಂದಲೋ ಒಟಿಪಿಯಿಂದಲೋ, ಯಾವ ಸಂಸ್ಥೆಯ ಮೂಲಕ ಪರಿಶೀಲಿಸಲಾಯಿತು ಎಂಬುದು ಅಲ್ಲಿ ಸಿಗುತ್ತದೆ. ಖಾತೆಯಲ್ಲಿ ಎಷ್ಟಿದೆ ಎಂದು ವಿಚಾರಿಸಲೂ ಎಇಪಿಎಸ್‌ನಲ್ಲಿ ಬೆರಳು ಒತ್ತಬೇಕು. ಹಾಗಾಗಿ ಹಣ ತೆಗೆಯುವ ಮುಂಚೆ ಕಳ್ಳ ಇಣುಕಿ ನೋಡಿದ್ದರೆ ಅದೂ ಕಾಣುತ್ತದೆ, ವಿಫಲವಾದ ಪ್ರಯತ್ನಗಳೂ ಕಾಣುತ್ತವೆ. ಒಂದೇ ನಿಮಿಷದ ಅಂತರದಲ್ಲಿ ನಾಲ್ಕಾರು ಸಲ ವಿಫಲವಾಗಿ ಆಮೇಲೆ ಸಫಲವಾಗಿದ್ದರೆ ಆ ಪುಟವನ್ನು ಮುದ್ರಿಸಿಟ್ಟುಕೊಳ್ಳಿ. ಇದನ್ನೆಲ್ಲ ನೋಡಲು ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರಬೇಕು. ಅಲ್ಲಿಯೂ ತಂದೆಯವರ ಸಂಖ್ಯೆಯೇ ಇದ್ದರೆ ತಾಯಿಯವರನ್ನು ಮೊದಲು ಆಧಾರ್ ಕೇಂದ್ರಕ್ಕೆ ಕರೆದೊಯ್ಯಿರಿ. ನಿಂತುಹೋದ ಸಂಖ್ಯೆಗಳನ್ನು ದೂರವಾಣಿ ಕಂಪನಿಗಳು ಕೆಲವು ತಿಂಗಳ ನಂತರ ಬೇರೆಯವರಿಗೆ ಕೊಡುತ್ತವೆ. ತಂದೆಯವರ ಸಂಖ್ಯೆ ಇಂದು ಯಾವ ಅಪರಿಚಿತನ ಕೈಯಲ್ಲಿದ್ದರೂ ತಾಯಿಯವರ ಬ್ಯಾಂಕ್ ಸಂದೇಶಗಳು ಅವನಿಗೇ ಹೋಗುತ್ತವೆ. ಬ್ಯಾಂಕಿನಲ್ಲಿಯೂ ಆ ಸಂಖ್ಯೆಯನ್ನು ಈ ವಾರವೇ ಬದಲಿಸಿ.

ಹಣ ವಾಪಸ್ ಕೇಳುವ ಲೆಕ್ಕ

ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯೇ ಇಲ್ಲಿ ನಿಮ್ಮ ಆಧಾರ. ಗ್ರಾಮೀಣ ಬ್ಯಾಂಕುಗಳಿಗೂ ಅದು ಅನ್ವಯಿಸುತ್ತದೆ. ಅನಧಿಕೃತ ವ್ಯವಹಾರದಲ್ಲಿ ನಷ್ಟವನ್ನು ಯಾರು ಹೊರಬೇಕು ಎಂಬುದನ್ನು ಅದು ಮೂರು ಬಗೆಯಾಗಿ ವಿಂಗಡಿಸುತ್ತದೆ. ಬ್ಯಾಂಕಿನ ಲೋಪ ಇದ್ದರೆ ಗ್ರಾಹಕರು ಯಾವಾಗ ತಿಳಿಸಿದರೂ ಅವರ ಹೊಣೆ ಸೊನ್ನೆ. ಗ್ರಾಹಕರೇ ಪಿನ್, ಪಾಸ್‌ವರ್ಡ್ ಮುಂತಾದವನ್ನು ಕೊಟ್ಟು ನಷ್ಟವಾಗಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ಅವರದು. ತಪ್ಪು ಇಬ್ಬರದೂ ಅಲ್ಲ, ವ್ಯವಸ್ಥೆಯ ಬೇರೆಲ್ಲೋ ಇದೆ ಎಂದಾದರೆ ದಿನಗಳ ಲೆಕ್ಕ ಶುರುವಾಗುತ್ತದೆ. ವ್ಯವಹಾರದ ಬಗ್ಗೆ ಬ್ಯಾಂಕಿನಿಂದ ಮಾಹಿತಿ ತಲುಪಿದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಹೊಣೆ ಸೊನ್ನೆ. ನಾಲ್ಕರಿಂದ ಏಳು ದಿನವಾದರೆ ಒಂದು ಮಿತಿಯವರೆಗೆ ಗ್ರಾಹಕರ ಹೊಣೆ. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ನಿರ್ದೇಶಕ ಮಂಡಳಿ ಒಪ್ಪಿದ ನೀತಿಯಂತೆ.

ಆ ಮಧ್ಯದ ಮಿತಿ ಕೇಳಲು ಸಮಾಧಾನಕರ, ಆದರೆ ತಾಯಿಯವರದು ಸಾಮಾನ್ಯ ಉಳಿತಾಯ ಖಾತೆಯಾಗಿದ್ದರೆ ಅದರಿಂದ ಬಿಡಿಗಾಸೂ ಸಿಗುವುದಿಲ್ಲ. ಅಂಥ ಖಾತೆಗೆ ಆ ಮಿತಿ ಪ್ರತಿ ವ್ಯವಹಾರಕ್ಕೆ 10,000 ರೂಪಾಯಿ. ಎಇಪಿಎಸ್‌ನಲ್ಲಿ ಒಂದು ಸಲಕ್ಕೆ ತೆಗೆಯಬಹುದಾದ ಗರಿಷ್ಠ ಮೊತ್ತವೂ 10,000. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ: ನಿಮ್ಮ 27,500 ರೂಪಾಯಿಯೂ ಮಿತಿಯೊಳಗೇ ಬಿದ್ದು ಪೂರ್ತಿ ತಾಯಿಯವರ ತಲೆಗೆ ಬರುತ್ತದೆ. ಅದು ಮೂಲಭೂತ ಉಳಿತಾಯ ಖಾತೆ, ಅಂದರೆ ಕನಿಷ್ಠ ಬಾಕಿ ಬೇಡದ ಸರಳ ಖಾತೆಯಾಗಿದ್ದರೆ ಮಿತಿ ವ್ಯವಹಾರಕ್ಕೆ 5,000. ಆಗ ಅವರ ಪಾಲು 15,000, ವಾಪಸ್ ಬರುವುದು 12,500. ಖಾತೆ ಯಾವ ಬಗೆಯದು ಎಂದು ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ನೋಡಿ. ಆದರೆ ನಿಮ್ಮ ವಾದ ಮಾತ್ರ "ಸೊನ್ನೆ ಹೊಣೆ" ಎಂದೇ ಇರಬೇಕು. "ಎಷ್ಟಾದರೂ ಕೊಡಿ" ಎಂದು ಬರೆದರೆ ಅಷ್ಟಕ್ಕೇ ಮುಗಿಯುತ್ತದೆ.

ಹದಿನೈದು ದಿನ ಕಳೆದುಹೋಗಿದೆಯಲ್ಲ ಎಂದು ಬ್ಯಾಂಕ್ ಹೇಳುತ್ತದೆ. ನಿಮ್ಮ ಉತ್ತರ: ಲೆಕ್ಕ ಶುರುವಾಗುವುದು ವ್ಯವಹಾರ ನಡೆದ ದಿನದಿಂದಲ್ಲ, ಗ್ರಾಹಕರಿಗೆ ಮಾಹಿತಿ ತಲುಪಿದ ದಿನದಿಂದ. ಎಸ್‌ಎಂಎಸ್ ತಾಯಿಯವರಿಗೆ ತಲುಪಿಲ್ಲ, ಅವರಿಗೆ ತಲುಪಿದ ಮೊದಲ ಮಾಹಿತಿ ಶುಕ್ರವಾರದ ಪಾಸ್‌ಬುಕ್ ನಮೂದು. ತಲುಪಿದ ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೋಮವಾರವೇ ನೀವು ಶಾಖೆಗೆ ಹೋದಿರಿ. ಶಾಖೆಯಲ್ಲಿ ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ದಾಖಲೆ ಇಲ್ಲ, ಆದರೆ 1930ರ ಸ್ವೀಕೃತಿ ಸಂಖ್ಯೆ ಇದೆ. ಆ ದೂರು ಬ್ಯಾಂಕಿಗೂ ತಲುಪುವ ವ್ಯವಸ್ಥೆ ಇರುವುದರಿಂದ ತಿಳಿಸಿದ್ದಕ್ಕೆ ಅದೇ ಪುರಾವೆ. ಇಷ್ಟು ದಿನವಾದ ಮೇಲೆ ಆ ಕರೆಯಿಂದ ಹಣ ತಡೆಹಿಡಿಯುವ ಆಸೆ ಕಡಿಮೆ, ತೆಗೆದದ್ದು ನಗದು. ನಿಮಗೆ ಅದರಿಂದ ಆದ ಉಪಕಾರ ಆ ದಿನಾಂಕ.

ಇದರಲ್ಲಿರುವ ಅಪಾಯವನ್ನೂ ಹೇಳಬೇಕು. ಮೊಬೈಲ್ ಸಂಖ್ಯೆ ಬದಲಿಸದೆ ಇದ್ದದ್ದು ಗ್ರಾಹಕರ ಉದಾಸೀನ ಎಂದು ಬ್ಯಾಂಕ್ ವಾದಿಸಬಹುದು. ಅದಕ್ಕೆ ಪ್ರತಿಯಾಗಿ ಕೇಳಬೇಕಾದದ್ದು: ತಂದೆಯವರು ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ಶುರು ಮಾಡಲು ಮರಣ ಪ್ರಮಾಣಪತ್ರವನ್ನು ಇದೇ ಶಾಖೆಗೆ ಕೊಟ್ಟಿರಲಿಲ್ಲವೇ? ಕೊಟ್ಟಿದ್ದರೆ, ಮೃತರ ಸಂಖ್ಯೆಗೆ ಸಂದೇಶ ಕಳುಹಿಸುತ್ತಿದ್ದೇವೆ ಎಂಬುದು ಬ್ಯಾಂಕಿಗೂ ತಿಳಿದಿತ್ತು.

"ಹೆಬ್ಬೆಟ್ಟು ಹೊಂದಿದೆ" ಎಂಬುದಕ್ಕೂ ಉತ್ತರವಿದೆ. ಹೊಂದಿದ್ದು ಗುರುತು, ಒತ್ತಿದ್ದು ಯಾರು ಎಂಬುದನ್ನು ಅದು ಹೇಳುವುದಿಲ್ಲ. ನಕಲಿ ಬೆರಳನ್ನು ಹಿಡಿಯಲೆಂದೇ ಆಧಾರ್ ಪ್ರಾಧಿಕಾರ 2023ರಲ್ಲಿ ಜೀವಂತ ಬೆರಳನ್ನು ಪತ್ತೆ ಮಾಡುವ ತಂತ್ರಾಂಶವನ್ನು ತಂದಿತು. ನಕಲು ಅಸಾಧ್ಯವಾಗಿದ್ದರೆ ಅದರ ಅಗತ್ಯ ಬೀಳುತ್ತಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಗ್ರಾಹಕರ ಹೊಣೆಯನ್ನು ಸಾಬೀತು ಮಾಡುವ ಭಾರ ಬ್ಯಾಂಕಿನ ಮೇಲಿದೆ ಎಂದು ಅದೇ ಸುತ್ತೋಲೆ ಹೇಳುತ್ತದೆ. ತಾವು ತೆಗೆದಿಲ್ಲ ಎಂದು ತಾಯಿಯವರು ಸಾಬೀತು ಮಾಡಬೇಕಾಗಿಲ್ಲ. ಇದೇ ಸುತ್ತೋಲೆಯಂತೆ, ನೀವು ತಿಳಿಸಿದ 10 ಕೆಲಸದ ದಿನಗಳೊಳಗೆ ವಿವಾದದ ಮೊತ್ತವನ್ನು ಬ್ಯಾಂಕ್ ತಾತ್ಕಾಲಿಕವಾಗಿ ಖಾತೆಗೆ ಜಮೆ ಮಾಡಬೇಕು, 90 ದಿನಗಳೊಳಗೆ ದೂರನ್ನು ಇತ್ಯರ್ಥಪಡಿಸಬೇಕು. ಇದಕ್ಕೆ ಎಫ್‌ಐಆರ್ ಬರುವವರೆಗೆ ಕಾಯಬೇಕು ಎಂದು ಅಲ್ಲಿ ಎಲ್ಲಿಯೂ ಬರೆದಿಲ್ಲ. "ಮೊದಲು ಪೊಲೀಸ್ ಕಾಗದ ತನ್ನಿ" ಎನ್ನುವುದು ಶಾಖೆಗಳ ರೂಢಿ, ನಿಯಮವಲ್ಲ.

ಪತ್ರ ಬರೆಯುವ ರೀತಿ

ಪಾಸ್‌ಬುಕ್ಕಿನ ಆ ಮೂರು ಸಾಲುಗಳನ್ನು ಮತ್ತೆ ಓದಿ. ಎಇಪಿಎಸ್ ಎಂಬ ಅಕ್ಷರಗಳ ಆಸುಪಾಸಿನಲ್ಲಿ ಸಾಮಾನ್ಯವಾಗಿ 12 ಅಂಕಿಗಳ ಉಲ್ಲೇಖ ಸಂಖ್ಯೆ ಇರುತ್ತದೆ. ಮುದ್ರಣ ಮಸುಕಾಗಿದ್ದರೆ ಖಾತೆಯ ವಿವರಪಟ್ಟಿ ಕೇಳಿ ಪಡೆಯಿರಿ. ಮೂರು ಸಂಖ್ಯೆಗಳನ್ನೂ ಪತ್ರದಲ್ಲಿ ಬರೆದು, ಹೀಗೆ ಹೇಳಿದರೆ ಸಾಕು:

"ಮೇಲಿನ ಮೂರು ವ್ಯವಹಾರಗಳು ನನ್ನ ಅರಿವಾಗಲಿ ಒಪ್ಪಿಗೆಯಾಗಲಿ ಇಲ್ಲದೆ ನಡೆದಿವೆ. ಆ ದಿನಗಳಂದು ನಾನು ಯಾವ ಬ್ಯಾಂಕ್ ಮಿತ್ರರ ಬಳಿಯೂ ಬೆರಳು ಒತ್ತಿಲ್ಲ. ಇವುಗಳ ವಿಷಯ ನನಗೆ ಮೊದಲು ತಿಳಿದದ್ದು ಇಂಥ ದಿನಾಂಕ ಪಾಸ್‌ಬುಕ್ ಮುದ್ರಿಸಿದಾಗ. ಇಂಥ ದಿನಾಂಕ ಶಾಖೆಗೆ ಮತ್ತು 1930ಕ್ಕೆ ತಿಳಿಸಿದ್ದೇನೆ. 2017ರ ಜುಲೈ 6ರ ಸುತ್ತೋಲೆಯಂತೆ ಮೊತ್ತವನ್ನು ತಾತ್ಕಾಲಿಕವಾಗಿ ಜಮೆ ಮಾಡಿ. ಹಣ ಪಾವತಿಸಿದ ಯಂತ್ರ ಯಾವ ಬ್ಯಾಂಕಿನದು, ಯಾವ ಊರಿನಲ್ಲಿತ್ತು, ಅದನ್ನು ನಡೆಸುತ್ತಿದ್ದವರು ಯಾರು ಎಂಬುದನ್ನು ಲಿಖಿತವಾಗಿ ತಿಳಿಸಿ."

ಮೇಲಿನ ಮಾತು ಪ್ರತಿಯೊಂದೂ ನಿಜವಾಗಿದ್ದರೆ ಮಾತ್ರ ಹಾಗೆ ಬರೆಯಿರಿ. ನಮ್ಮ ಜನ ವಿನಯಕ್ಕೆಂದು "ನಮ್ಮ ಅಜಾಗರೂಕತೆಯಿಂದ ಹೀಗಾಗಿದೆ, ದಯವಿಟ್ಟು ಮನ್ನಿಸಿ" ಎಂದು ಸೇರಿಸುತ್ತಾರೆ. ಅಂಥ ಒಂದು ಸಾಲನ್ನು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಅರ್ಜಿ ತಿರಸ್ಕರಿಸಿದ ಕಡತಗಳು ನನ್ನ ಮೇಜಿಗೆ ಬಂದಿವೆ. ವಿನಯ ಬೇಕಾದರೆ ಕೊನೆಯಲ್ಲಿ "ವಂದನೆಗಳು" ಎಂದು ಬರೆದರೆ ಸಾಕು. ಪತ್ರದ ಎರಡನೆಯ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಹಾಕಲು ಒಪ್ಪದಿದ್ದರೆ ನೋಂದಾಯಿತ ಅಂಚೆಯಲ್ಲಿ ಕಳುಹಿಸಿ, ಅದೇ ದಿನ ಬ್ಯಾಂಕಿನ ಕುಂದುಕೊರತೆ ವಿಭಾಗಕ್ಕೆ ಇಮೇಲ್ ಮಾಡಿ.

ಯಂತ್ರ ಎಲ್ಲಿತ್ತು ಎಂಬ ಆ ಕೊನೆಯ ಪ್ರಶ್ನೆಗೇ ಹೆಚ್ಚು ತೂಕ. ಅದು ಬೇರೆ ರಾಜ್ಯದಲ್ಲಿತ್ತು ಎಂದು ಬಂದರೆ, ಅಂದು ತಾಯಿಯವರು ಊರಿನಲ್ಲಿದ್ದುದಕ್ಕೆ ಆಸ್ಪತ್ರೆಯ ಚೀಟಿಯೋ ಪಡಿತರ ಪಡೆದ ದಾಖಲೆಯೋ ಸಾಕು, ವಿವಾದ ಬಹುತೇಕ ಮುಗಿಯುತ್ತದೆ. ಯಂತ್ರ ನಿಮ್ಮ ಊರಿನದೇ ಎಂದು ಬಂದರೆ ಕಥೆ ಬೇರೆ, ಆಗ ಆ ಬ್ಯಾಂಕ್ ಮಿತ್ರನನ್ನು ಪ್ರಶ್ನಿಸಬೇಕು. ಬ್ಯಾಂಕ್ ಮಿತ್ರರು ಮಾಡಿದ ತಪ್ಪಿಗೆ ಅವರನ್ನು ನೇಮಿಸಿದ ಬ್ಯಾಂಕೇ ಹೊಣೆ ಎಂಬುದು ರಿಸರ್ವ್ ಬ್ಯಾಂಕಿನ ಹಳೆಯ ನಿಯಮ. ಇಂಥ ಯಂತ್ರ ನಡೆಸುವವರ ಪೂರ್ವಾಪರವನ್ನು ಪರಿಶೀಲಿಸಬೇಕು, ಮೂರು ತಿಂಗಳು ಸುಮ್ಮನಿದ್ದವರನ್ನು ಮತ್ತೆ ಪರಿಶೀಲಿಸದೆ ವ್ಯವಹಾರಕ್ಕೆ ಬಿಡಬಾರದು ಎಂದು 2025ರ ಜೂನ್‌ನಲ್ಲಿ ಹೊರಡಿಸಿದ ನಿರ್ದೇಶನ 2026ರ ಜನವರಿ 1ರಿಂದ ಜಾರಿಗೆ ಬಂದಿದೆ. ಬಹಳ ತಡವಾಗಿ ಬಂತು ಎಂಬುದು ನನ್ನ ಅಭಿಪ್ರಾಯ.

ಬ್ಯಾಂಕ್ 30 ದಿನಗಳಲ್ಲಿ ಉತ್ತರಿಸದಿದ್ದರೆ, ಅಥವಾ "ಹೆಬ್ಬೆಟ್ಟು ಹೊಂದಿದೆ" ಎಂದೇ ಉತ್ತರಿಸಿದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರುಗಳನ್ನು ಇತ್ಯರ್ಥಪಡಿಸುವ ಅಧಿಕಾರಿಗೆ, ದೂರು ಕೊಡಿ. ಶುಲ್ಕವಿಲ್ಲ, ವಕೀಲರು ಬೇಡ, ಬ್ಯಾಂಕಿನ ಉತ್ತರ ಬಂದ ಮೇಲೆ ತಡಮಾಡದೆ ಹೋಗಬೇಕು. ಗ್ರಾಹಕ ಆಯೋಗದ ದಾರಿಯೂ ಇದೆ, ಅದಕ್ಕೆ ಎರಡು ವರ್ಷಗಳ ಅವಧಿ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು: ಆಯೋಗದಲ್ಲಿ ಪ್ರಕರಣ ಇರುವಾಗ ಒಂಬುಡ್ಸ್‌ಮನ್ ಅದೇ ದೂರನ್ನು ಕೈಗೆತ್ತಿಕೊಳ್ಳುವುದಿಲ್ಲ. ಪೊಲೀಸ್ ತನಿಖೆ ಮಾತ್ರ ಇದಕ್ಕೆ ಅಡ್ಡಿಯಲ್ಲ. ನಿಮ್ಮ ಮೊತ್ತಕ್ಕೆ ಮೊದಲು ಒಂಬುಡ್ಸ್‌ಮನ್ ಎಂಬುದು ನನ್ನ ಸಲಹೆ. ಅಲ್ಲಿ ಎಲ್ಲವೂ ಕಾಗದದ ಮೇಲೆಯೇ ನಡೆಯುತ್ತದೆ, ಸಾಕ್ಷಿಗಳನ್ನು ಕರೆಸಿ ಪಾಟೀಸವಾಲು ಮಾಡುವ ಪದ್ಧತಿ ಇಲ್ಲ, ಅದು ಅದರ ದೌರ್ಬಲ್ಯ ಕೂಡ.

ಇದರ ಜೊತೆಗೆ ಜಿಲ್ಲೆಯ ಸೆನ್ ಠಾಣೆಯಲ್ಲಿ, ಅಂದರೆ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಪೊಲೀಸ್ ಠಾಣೆಯಲ್ಲಿ, ಎಫ್‌ಐಆರ್ ಮಾಡಿಸಿ. ಇನ್ನೊಬ್ಬರ ಗುರುತಿನ ಲಕ್ಷಣವನ್ನು ಕದ್ದು ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಪ್ರಕಾರ ಅಪರಾಧ, ಮೂರು ವರ್ಷಗಳವರೆಗೆ ಸೆರೆ. ಆ ಕಲಮಿನ ಹೆಸರನ್ನು ದೂರಿನಲ್ಲಿ ನೀವೇ ಬರೆದರೆ ಠಾಣೆಯಲ್ಲಿ ಅದನ್ನು ಬರೀ ಹಣದ ಜಗಳ ಎಂದು ಬದಿಗಿಡುವುದು ಕಷ್ಟ.

ನಿಮ್ಮದಲ್ಲದ ಸಾಲ

ಸ್ನೇಹಿತರ ಮಾತು ಒಳ್ಳೆಯ ಮನಸ್ಸಿನದು, ಆದರೆ ಕೆಟ್ಟ ಸಲಹೆ. ಕಟ್ಟಿದರೆ ಸಾಲ ನಿಮ್ಮದೇ ಎಂದು ನೀವೇ ಒಪ್ಪಿದಂತೆ. ಆಮೇಲೆ "ನನ್ನ ಗುರುತು ಕಳವಾಗಿತ್ತು" ಎಂದರೆ ಕೇಳುವವರಿಲ್ಲ. ರಿಯಾಯಿತಿಗೆ ಒಪ್ಪಿ ಕಡಿಮೆ ಹಣ ಕಟ್ಟಿದರೆ ಇನ್ನೂ ಕೆಟ್ಟದ್ದು: ನಿಮ್ಮ ಕ್ರೆಡಿಟ್ ವರದಿಯಲ್ಲಿ, ಅಂದರೆ ನಿಮ್ಮ ಸಾಲಗಳ ದಾಖಲೆಯಲ್ಲಿ, ಆ ಸಾಲ ಪೂರ್ತಿ ತೀರದೆ ರಾಜಿಯಲ್ಲಿ ಮುಗಿದದ್ದು ಎಂದು ಬಹುಕಾಲ ಉಳಿಯುತ್ತದೆ, ಮನೆ ಸಾಲ ಕೊಡುವವರು ನೋಡುವುದೇ ಅದನ್ನು.

ಇಲ್ಲಿ ನಿಮಗೆ ಅನುಕೂಲವಾದ ಒಂದು ಸಂಗತಿ ಇದೆ. ಸಾಲ ನಿಮ್ಮ ಕ್ರೆಡಿಟ್ ವರದಿಯಲ್ಲಿ ಕಾಣಿಸಿದೆ ಎಂದರೆ ಅದನ್ನು ಕೊಟ್ಟದ್ದು ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿರುವ ಸಂಸ್ಥೆ. ಹೆಸರಿಲ್ಲದ, ವಿಳಾಸವಿಲ್ಲದ ಆ್ಯಪ್‌ಗಳು ಆ ವರದಿಗೆ ದಾಖಲೆ ಕಳುಹಿಸಲಾರವು. ಆ್ಯಪ್‌ನ ಹೆಸರು ಏನೇ ಇರಲಿ, ಹಿಂದೆ ಒಂದು ನೋಂದಾಯಿತ ಹಣಕಾಸು ಕಂಪನಿ ಇದೆ, ಅದಕ್ಕೆ ಕುಂದುಕೊರತೆ ಅಧಿಕಾರಿ ಇದ್ದಾರೆ. ಮಾತಾಡಬೇಕಾದದ್ದು ಅವರ ಜೊತೆ, ವಸೂಲಿಗೆ ಕರೆ ಮಾಡುವವನ ಜೊತೆಯಲ್ಲ.

ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಎಂಬ ನಾಲ್ಕು ಸಂಸ್ಥೆಗಳೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನಾಲ್ಕನ್ನೂ ತೆಗೆಸಿ, ಒಂದರಲ್ಲಿ ಕಾಣದ ಸಾಲ ಇನ್ನೊಂದರಲ್ಲಿ ಕಾಣಬಹುದು. ಎಲ್ಲರೂ ಅಂಕ ನೋಡಿ ವರದಿಯನ್ನು ಮುಚ್ಚಿಡುತ್ತಾರೆ. ನೀವು ವಿಳಾಸ ಮತ್ತು ದೂರವಾಣಿಯ ಭಾಗವನ್ನು ನೋಡಿ. ನಿಮ್ಮದಲ್ಲದ ಮೊಬೈಲ್ ಸಂಖ್ಯೆ, ಎಂದೂ ವಾಸವಿರದ ಊರಿನ ವಿಳಾಸ ಅಲ್ಲಿ ಇದ್ದರೆ ಸಾಲ ತೆಗೆದವನು ಬಿಟ್ಟುಹೋದ ಹೆಜ್ಜೆ ಗುರುತು ಅದು.

ಬಳಿಕ ಆ ಹಣಕಾಸು ಕಂಪನಿಗೆ ಇಮೇಲ್ ಮಾಡಿ. ಸಾಲದ ಒಪ್ಪಂದ, ಗುರುತಿನ ದಾಖಲೆಗಳು, ತೆಗೆದ ಭಾವಚಿತ್ರ, ಬಳಸಿದ ಮೊಬೈಲ್ ಸಂಖ್ಯೆ ಇವೆಲ್ಲವನ್ನೂ ಕೇಳಿ. ಎಲ್ಲಕ್ಕೂ ಮೇಲೆ ಒಂದು ಪ್ರಶ್ನೆ ಕೇಳಿ: ಸಾಲದ ಹಣವನ್ನು ಯಾವ ಬ್ಯಾಂಕ್ ಖಾತೆಗೆ ಹಾಕಿದಿರಿ? ಡಿಜಿಟಲ್ ಸಾಲದ ಹಣ ನೇರವಾಗಿ ಸಾಲಗಾರನ ಖಾತೆಗೇ ಹೋಗಬೇಕು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿಯೇ ನಿಯಮ ಮಾಡಿದೆ. ಹಣ ನಿಮ್ಮದಲ್ಲದ ಖಾತೆಗೆ ಹೋಗಿದ್ದರೆ ಕಂಪನಿಯೇ ನಿಯಮ ಮುರಿದಿದೆ. ನಿಮ್ಮ ಹೆಸರಿನ ಖಾತೆಗೇ ಹೋಗಿದೆ, ಆದರೆ ಆ ಖಾತೆಯೂ ನಿಮಗೆ ಗೊತ್ತಿಲ್ಲದ್ದು ಎಂದಾದರೆ ವಿಷಯ ಇನ್ನೂ ಗಂಭೀರ. ಇಂಥ ಖಾತೆಗಳನ್ನು ಬೇರೆಯವರ ಕದ್ದ ಹಣ ಸಾಗಿಸಲು ಬಳಸುತ್ತಾರೆ, ಕೊನೆಗೆ ದೂರದ ಯಾವುದೋ ರಾಜ್ಯದ ಪೊಲೀಸರ ನೋಟಿಸು ನಿಮ್ಮ ಮನೆಗೆ ಬರುತ್ತದೆ. ಹಾಗಿದ್ದರೆ ಅದೇ ದಿನ ಆ ಬ್ಯಾಂಕಿಗೂ ಠಾಣೆಗೂ ಬರೆದು ತಿಳಿಸಿ. ಹಣ ನೀವು ಬಳಸುವ ಖಾತೆಗೇ ಬಂದಿದೆಯೇ ಎಂದು ಸಹ ಒಮ್ಮೆ ನೋಡಿ. ಕೇಳದೆ ಹಣ ಹಾಕಿ ಆಮೇಲೆ ಪೀಡಿಸುವವರೂ ಇದ್ದಾರೆ. ಬಂದಿದ್ದರೆ ಅದನ್ನು ಮುಟ್ಟದೆ ಇಟ್ಟು ಬರೆದು ತಿಳಿಸಬೇಕು.

ಅದೇ ಹೊತ್ತಿಗೆ, ಸಾಲ ಕಾಣಿಸಿದ ಪ್ರತಿ ಕ್ರೆಡಿಟ್ ಸಂಸ್ಥೆಯಲ್ಲಿಯೂ ತಕರಾರು ದಾಖಲಿಸಿ. 30 ದಿನಗಳೊಳಗೆ ಅದನ್ನು ಇತ್ಯರ್ಥ ಮಾಡಬೇಕು, ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಎಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಕ್ರೆಡಿಟ್ ಸಂಸ್ಥೆ ತಾನಾಗಿ ಏನನ್ನೂ ಅಳಿಸುವುದಿಲ್ಲ, ಸಾಲ ಕೊಟ್ಟ ಕಂಪನಿ ಒಪ್ಪಬೇಕು. ಆ ಕಂಪನಿ "ನಮ್ಮ ದಾಖಲೆ ಸರಿ ಇದೆ" ಎಂದರೆ ತಕರಾರು ಮುಚ್ಚಿಬಿಡುತ್ತದೆ. ಅಲ್ಲಿಗೆ ಸೋತೆ ಎಂದುಕೊಳ್ಳದೆ, ಎಫ್‌ಐಆರ್ ಪ್ರತಿ ಸೇರಿಸಿ ಕಂಪನಿಯ ವಿರುದ್ಧವೇ ಒಂಬುಡ್ಸ್‌ಮನ್‌ಗೆ ಹೋಗಿ.

ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಕರೆ ಬಂದರೆ "ಇದು ನನ್ನ ಸಾಲವಲ್ಲ, ದೂರು ದಾಖಲಾಗಿದೆ, ಮುಂದೆ ಬರಹದಲ್ಲಿ ತಿಳಿಸಿ" ಎಂದಷ್ಟೇ ಹೇಳಿ. "ಖಾತ್ರಿಗಾಗಿ" ಎಂದು ಜನ್ಮದಿನಾಂಕ, ಪ್ಯಾನ್ ಕೇಳುತ್ತಾರೆ. ಕೊಡಬೇಡಿ.

ಬೀಗ ಎಲ್ಲಿ ಹಾಕಬೇಕು

ಆಧಾರ್ ಸಂಖ್ಯೆ ಜೀವನಪೂರ್ತಿ ಒಂದೇ. ಬದಲಿಸಿಕೊಡುತ್ತೇವೆ ಎಂದು ಹಣ ಕೇಳುವವರು ಇನ್ನೊಂದು ಮೋಸದವರು. ಆಧಾರ್ ಪ್ರಾಧಿಕಾರದ ಆ್ಯಪ್‌ನಲ್ಲಿ ಅಥವಾ ಆಧಾರ್ ಕೇಂದ್ರದಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಸಿದರೆ ಬೆರಳಿನಿಂದ ಯಾರೂ, ಸ್ವತಃ ತಾಯಿಯವರೂ, ಏನನ್ನೂ ಮಾಡಲಾಗದು. ಪಿಂಚಣಿ ನಿಂತುಬಿಡುತ್ತದೆ ಎಂಬ ಹೆದರಿಕೆ ಬೇಡ, ಖಾತೆಗೆ ಹಣ ಜಮೆಯಾಗಲು ಬೆರಳು ಬೇಕಿಲ್ಲ. ತೊಂದರೆಯಾಗುವುದು ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಒತ್ತುವಾಗ, ನವೆಂಬರಿನಲ್ಲಿ ಜೀವನ ಪ್ರಮಾಣಪತ್ರ ಕೊಡುವಾಗ. ಆಗೆಲ್ಲ ಸ್ವಲ್ಪ ಹೊತ್ತು ಬೀಗ ತೆಗೆದು ಮತ್ತೆ ಹಾಕಬೇಕು. ತಾಯಿಯವರ ಮೊಬೈಲನ್ನು ನೋಡಿಕೊಳ್ಳುವವರು ಮನೆಯಲ್ಲಿ ಯಾರೂ ಇಲ್ಲದಿದ್ದರೆ ಇದು ಕಿರಿಕಿರಿಯೇ. ಅಂಥವರು ಬ್ಯಾಂಕಿನಲ್ಲಿ ಎಇಪಿಎಸ್ ಸೌಲಭ್ಯವನ್ನೇ ಖಾತೆಯಿಂದ ತೆಗೆಸಿ, ಚೀಟಿ ಬರೆದು ಹಣ ಪಡೆಯುವುದು ಮೇಲು. ನಿಮ್ಮ ಊರಿಗೂ ಶಾಖೆಗೂ ಇರುವ ದೂರ ನೋಡಿ ನಿರ್ಧರಿಸಿ. ಆಧಾರ್ ಪ್ರತಿ ಕೊಡಬೇಕಾದ ಕಡೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮುಚ್ಚಿದ ಆಧಾರ್ ಕೊಡಿ.

ನಿಮ್ಮ ಹೆಸರಿನಲ್ಲಿ ಇನ್ನೇನು ನಡೆದಿದೆ ಎಂದು ತಿಳಿಯಲು ಸಂಚಾರ್ ಸಾಥಿ ಜಾಲತಾಣದಲ್ಲಿ ನಿಮ್ಮ ಹೆಸರಿನ ಮೊಬೈಲ್ ಸಂಪರ್ಕಗಳನ್ನು ನೋಡಿ, ನಿಮ್ಮದಲ್ಲದ್ದನ್ನು ಅಲ್ಲಿಯೇ ವರದಿ ಮಾಡಬಹುದು. ಆದಾಯ ತೆರಿಗೆಯ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಗೊತ್ತಿಲ್ಲದ ಬಡ್ಡಿ, ಠೇವಣಿ ಇದೆಯೇ ನೋಡಿ. ಜಿಎಸ್‌ಟಿ ಜಾಲತಾಣದಲ್ಲಿ ಪ್ಯಾನ್ ಹಾಕಿ ಹುಡುಕಿದರೆ ನಿಮ್ಮ ಹೆಸರಿನಲ್ಲಿ ಯಾರಾದರೂ ವ್ಯಾಪಾರ ನೋಂದಾಯಿಸಿದ್ದರೆ ತಿಳಿಯುತ್ತದೆ. ಅರ್ಧ ಗಂಟೆಯ ಕೆಲಸ, ಆರು ತಿಂಗಳ ನಂತರ ಇನ್ನೊಮ್ಮೆ ಮಾಡಿ.

ದೂರು ಕೊಟ್ಟ ಮೇಲೆ "ಸೈಬರ್ ಇಲಾಖೆಯಿಂದ" ಎಂದು ಕರೆ ಬಂದು, ಹಣ ವಾಪಸ್ ಕೊಡಿಸಲು ಶುಲ್ಕ ಕೇಳಿದರೆ ಸಂಖ್ಯೆಯನ್ನು ಬರೆದಿಟ್ಟುಕೊಂಡು ಕರೆ ಮುಗಿಸಿ. ಒಮ್ಮೆ ಮೋಸಹೋದವರನ್ನೇ ಹುಡುಕಿ ಬರುವ ಗುಂಪುಗಳಿವೆ.

ಮನೆ ಸಾಲಕ್ಕೆ ಸದ್ಯ ಬೇರೆ ಬ್ಯಾಂಕುಗಳಲ್ಲಿ ಅರ್ಜಿ ಹಾಕುತ್ತಾ ಹೋಗಬೇಡಿ. ಪ್ರತಿ ಅರ್ಜಿಯ ವಿಚಾರಣೆಯೂ ವರದಿಯಲ್ಲಿ ದಾಖಲಾಗಿ ಅಂಕವನ್ನು ಇನ್ನಷ್ಟು ಇಳಿಸುತ್ತದೆ. ತಿರಸ್ಕರಿಸಿದ ಬ್ಯಾಂಕಿನ ಸಾಲ ಅಧಿಕಾರಿಗೆ ತಕರಾರಿನ ಸ್ವೀಕೃತಿ ಮತ್ತು ಎಫ್‌ಐಆರ್ ಪ್ರತಿ ಕೊಟ್ಟು, ಕಡತ ತೆರೆದಿಟ್ಟಿರಲು ಕೇಳಿ. ವರದಿ ತಿದ್ದಿ ಬಂದ ಮೇಲೆ ಅದೇ ಅರ್ಜಿಯನ್ನು ಮುಂದುವರಿಸಬಹುದೇ ಎಂದು ಅವರಿಂದಲೇ ಬರಹದಲ್ಲಿ ಪಡೆಯಿರಿ.